ಯಾಜ್ ಅಹ್ಮದ್ ಅವರ ಸಂಗೀತ: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟಿಷ್-ಬಹ್ರೇನಿ ಟ್ರಂಪೆಟ್ ವಾದಕಿ ಯಾಜ್ ಅಹ್ಮದ್ ಅವರ ಸಂಗೀತವನ್ನು ಆಸಕ್ತರಿಗೆ ಕೇಳಿಸಿದಾಗಲೆಲ್ಲ ಕೆಲವು ಪ್ರಶ್ನೆಗಳು ತಪ್ಪದೆ ಎದುರಾಗುತ್ತವೆ. ಕೆಲವನ್ನು ಜಾಝ್ ಎಂದರೇನೆಂದು ಈಗಷ್ಟೇ ತಿಳಿಯಹೊರಟವರು ಕೇಳಿದ್ದಾರೆ. ಕೆಲವು, ಅದರಲ್ಲೂ ಶ್ರುತಿಗೆ ಸಂಬಂಧಿಸಿದವು, ರಾಗಸಂಗೀತದಲ್ಲಿ ಕಿವಿ ಪಳಗಿದವರಿಂದ ಬಂದಿವೆ. ಕೇಳಿದವರ ಮಾತನ್ನು ಆದಷ್ಟು ಹಾಗೆಯೇ ಉಳಿಸಿಕೊಂಡು, ಸರಳವಾದವುಗಳಿಂದ ತೊಡಗಿ ವಾದಕ್ಕೆ ಎಡೆಮಾಡುವ ಪ್ರಶ್ನೆಗಳವರೆಗೆ ಇಲ್ಲಿ ಉತ್ತರಿಸಲಾಗಿದೆ.

## ಮೊದಲ ಪರಿಚಯ

ಯಾಜ್ ಅಹ್ಮದ್ ಯಾರು? ಈ ಹೆಸರನ್ನೇ ನಾನು ಕೇಳಿಲ್ಲ.

ಯಾಜ್ ಅಹ್ಮದ್ ಬ್ರಿಟನ್ನಿನಲ್ಲಿ ನೆಲೆಸಿರುವ ಸಂಗೀತ ಸಂಯೋಜಕಿ. ಟ್ರಂಪೆಟ್ ಮತ್ತು ಫ್ಲೂಗಲ್‌ಹಾರ್ನ್ ಅವರ ವಾದ್ಯಗಳು. ತಂದೆ ಬಹ್ರೇನಿನವರು, ತಾಯಿ ಬ್ರಿಟಿಷರು. ಬಾಲ್ಯವನ್ನು ಬಹ್ರೇನಿನಲ್ಲಿ ಕಳೆದ ಅವರು ಒಂಬತ್ತನೆಯ ವಯಸ್ಸಿನಲ್ಲಿ ಇಂಗ್ಲೆಂಡಿಗೆ ಬಂದರು, ಟ್ರಂಪೆಟ್ ಹಿಡಿದದ್ದೂ ಅಲ್ಲಿಗೆ ಬಂದ ಮೇಲೆಯೇ. ಅದಕ್ಕೆ ಪ್ರೇರಣೆಯಾದವರು ತಾಯಿಯ ತಂದೆ ಟೆರ್ರಿ ಬ್ರೌನ್; 1950ರ ದಶಕದ ಬ್ರಿಟಿಷ್ ಜಾಝ್ ವಲಯದಲ್ಲಿ ಜಾನ್ ಡ್ಯಾಂಕ್‌ವರ್ತ್, ಟಬಿ ಹೇಯ್ಸ್ ಮೊದಲಾದವರೊಂದಿಗೆ ಟ್ರಂಪೆಟ್ ನುಡಿಸಿ, ಮುಂದೆ ಧ್ವನಿಮುದ್ರಿಕೆಗಳ ನಿರ್ಮಾಪಕರಾದವರು. ಕಿಂಗ್‌ಸ್ಟನ್ ವಿಶ್ವವಿದ್ಯಾಲಯ ಮತ್ತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಓದಿದ ಯಾಜ್, 2011ರಲ್ಲಿ ‘ಫೈಂಡಿಂಗ್ ಮೈ ವೇ ಹೋಮ್’, 2017ರಲ್ಲಿ ‘ಲಾ ಸಾಬೊಟ್ಯೂಸ್’, 2019ರಲ್ಲಿ ‘ಪಾಲಿಹಿಮ್ನಿಯಾ’, 2025ರಲ್ಲಿ ‘ಎ ಪ್ಯಾರಡೈಸ್ ಇನ್ ದಿ ಹೋಲ್ಡ್’ ಎಂಬ ಆಲ್ಬಮ್‌ಗಳನ್ನು ಹೊರತಂದಿದ್ದಾರೆ. 2020ರಲ್ಲಿ ಬ್ರಿಟನ್ನಿನ ಐವರ್ಸ್ ಸಂಯೋಜಕ ಪ್ರಶಸ್ತಿಗಳಲ್ಲಿ ಹೊಸತನಕ್ಕಾಗಿ ಮೀಸಲಾದ ಪುರಸ್ಕಾರ ಅವರಿಗೆ ಸಂದಿತು.

ಇದು ಜಾಝೋ, ಅರಬ್ಬಿ ಸಂಗೀತವೋ, ಎಲೆಕ್ಟ್ರಾನಿಕ್ ಸಂಗೀತವೋ? ಯಾವ ಕಪಾಟಿನಲ್ಲಿ ಇಡಬೇಕು?

ವಾದ್ಯಮೇಳದ ಕಟ್ಟು, ಮನೋಧರ್ಮಕ್ಕೆ ಬಿಟ್ಟಿರುವ ಅವಕಾಶ ಮತ್ತು ವಾದಕರ ನಡುವಿನ ಸಂಭಾಷಣೆಯನ್ನು ನೋಡಿದರೆ ಇದು ಜಾಝ್. ಸ್ವರಗಳ ಆಯ್ಕೆಯಲ್ಲೂ ತಾಳದ ನಡೆಯಲ್ಲೂ ಅರಬ್ ಪರಂಪರೆಯಿದೆ. ಧ್ವನಿಯ ಬಣ್ಣ ಮತ್ತು ಹರವನ್ನು ಎಲೆಕ್ಟ್ರಾನಿಕ್ ಉಪಕರಣಗಳು ನಿರ್ಧರಿಸುತ್ತವೆ. ಪಾಶ್ಚಾತ್ಯ ಪತ್ರಿಕೆಗಳು ‘ಸೈಕೆಡೆಲಿಕ್ ಅರಬ್ ಜಾಝ್’ ಎಂಬ ಪಟ್ಟಿಯನ್ನು ಅಂಟಿಸಿವೆ. ಕೊಳ್ಳುವವರಿಗೆ ಅದರಿಂದ ಅನುಕೂಲವಿರಬಹುದು, ಕೇಳುವವರಿಗೆ ಅಷ್ಟೇನೂ ಇಲ್ಲ.

ಜಾಝ್ ಕೇಳಿ ಅಭ್ಯಾಸವಿಲ್ಲದವರು ಎಲ್ಲಿಂದ ಶುರು ಮಾಡಬೇಕು?

‘ಲಾ ಸಾಬೊಟ್ಯೂಸ್’ ಆಲ್ಬಮಿನ ‘ದಿ ಲಾಸ್ಟ್ ಪರ್ಲ್’ ಎಂಬ ಕೃತಿಯಿಂದ ತೊಡಗಿ, ಅದೇ ಆಲ್ಬಮಿನ ‘ಜಮೀಲ್ ಜಮಾಲ್’ಗೆ ಹೋಗಬಹುದು. ಮೊದಲನೆಯದರಲ್ಲಿ ಧ್ವನಿಯ ವಾತಾವರಣ ಮುಖ್ಯ, ಎರಡನೆಯದರಲ್ಲಿ ತಾಳ. ಇಂಗ್ಲೆಂಡಿನ ರಾಕ್ ತಂಡ ರೇಡಿಯೊಹೆಡ್‌ನ ಪರಿಚಯವಿದ್ದವರಿಗೆ ಇನ್ನೊಂದು ಬಾಗಿಲು ಇದೆ: ಆ ತಂಡದ 2011ರ ‘ದಿ ಕಿಂಗ್ ಆಫ್ ಲಿಂಬ್ಸ್’ ಆಲ್ಬಮಿನಲ್ಲಿ ಫ್ಲೂಗಲ್‌ಹಾರ್ನ್ ನುಡಿಸಿದವರಲ್ಲಿ ಯಾಜ್ ಒಬ್ಬರು. ಅದರ ಮೊದಲ ಹಾಡಾದ ‘ಬ್ಲೂಮ್’ ಅನ್ನು ಅವರು ಮುಂದೆ ತಮ್ಮದೇ ರೀತಿಯಲ್ಲಿ ಮರುರೂಪಿಸಿ ‘ಲಾ ಸಾಬೊಟ್ಯೂಸ್’ನಲ್ಲಿ ಸೇರಿಸಿಕೊಂಡರು. ಎರಡನ್ನೂ ಒಂದರ ಬೆನ್ನಿಗೊಂದು ಕೇಳಿದರೆ ಅವರ ಕೆಲಸದ ದಾರಿ ತಾನಾಗಿ ತಿಳಿಯುತ್ತದೆ.

ಟ್ರಂಪೆಟ್ಟಿಗೂ ಫ್ಲೂಗಲ್‌ಹಾರ್ನಿಗೂ ಏನು ವ್ಯತ್ಯಾಸ? ಕೇಳಿದರೆ ಗೊತ್ತಾಗುತ್ತದೆಯೇ?

ಎರಡಕ್ಕೂ ಸಾಮಾನ್ಯವಾಗಿ ಬೆರಳಿನಿಂದ ಒತ್ತುವ ಮೂರು ವಾಲ್ವ್‌ಗಳಿದ್ದು, ಬೆರಳಿನ ಪಾಠ ಒಂದೇ. ಟ್ರಂಪೆಟ್ಟಿನ ಕೊಳವೆ ಬಹುದೂರದವರೆಗೆ ಒಂದೇ ಅಗಲವಾಗಿ ಸಾಗಿ ಕೊನೆಯಲ್ಲಿ ಅರಳುತ್ತದೆ. ಫ್ಲೂಗಲ್‌ಹಾರ್ನಿನ ಕೊಳವೆ ಉದ್ದಕ್ಕೂ ಅಗಲವಾಗುತ್ತಲೇ ಹೋಗುವುದರಿಂದ ಅದರ ನಾದ ಮೆತ್ತಗೆ, ಕೊಂಚ ಮಬ್ಬಾಗಿ ಕೇಳಿಸುತ್ತದೆ. ಚೂಪಾದ ಅಂಚುಳ್ಳ ಧ್ವನಿ ಬಂದಾಗ ಟ್ರಂಪೆಟ್ ಎಂದೂ, ಮನುಷ್ಯರ ಕಂಠಕ್ಕೆ ಹತ್ತಿರವಾದ ಧ್ವನಿ ಬಂದಾಗ ಫ್ಲೂಗಲ್‌ಹಾರ್ನ್ ಎಂದೂ ಊಹಿಸಿದರೆ ಹೆಚ್ಚಿನ ಸಲ ಸರಿಯಾಗುತ್ತದೆ.

## ಬಹ್ರೇನಿನ ನಂಟು

ಒಂಬತ್ತು ವರ್ಷಕ್ಕೇ ಊರು ಬಿಟ್ಟವರಿಗೆ ಅಲ್ಲಿನ ಸಂಗೀತ ಎಷ್ಟು ಬಂದೀತು?

ಈ ಸಂಶಯ ನ್ಯಾಯವಾದದ್ದೇ. ಇಂಗ್ಲೆಂಡಿನಲ್ಲಿ ಅವರಿಗೆ ದೊರೆತ ಶಿಕ್ಷಣವೆಲ್ಲ ಪಾಶ್ಚಾತ್ಯ ಸಂಗೀತದ್ದು ಮತ್ತು ಜಾಝ್‌ನದು. ಅರಬ್ ಸಂಗೀತವನ್ನು ಅವರು ಗುರುಮುಖದಿಂದ ಚಿಕ್ಕಂದಿನಲ್ಲೇ ಕಲಿತವರಲ್ಲ. ತಿರುವು ಬಂದದ್ದು ಲೆಬನಾನಿನ ಊದ್ (ಅರಬ್ ತಂತಿವಾದ್ಯ) ವಾದಕ ರಬೀಹ್ ಅಬು ಖಲೀಲ್ ಅವರ 1992ರ ‘ಬ್ಲೂ ಕ್ಯಾಮೆಲ್’ ಎಂಬ ಆಲ್ಬಮಿನಿಂದ. ಅದರಲ್ಲಿ ಟ್ರಂಪೆಟ್ ಮತ್ತು ಫ್ಲೂಗಲ್‌ಹಾರ್ನ್ ನುಡಿಸಿದವರು ಕೆನಡಾದಲ್ಲಿ ಹುಟ್ಟಿ ಬ್ರಿಟನ್ನಿನಲ್ಲಿ ಬಾಳಿದ ಕೆನ್ನಿ ವೀಲರ್. ತನ್ನ ವಾದ್ಯವೇ ಅರಬ್ ಸ್ವರಗಳ ನಡುವೆ ಸಹಜವಾಗಿ ಓಡಾಡುವುದನ್ನು ಕೇಳಿದಾಗ ತಾನು ಮರೆತಿದ್ದ ಬಾಲ್ಯದ ಸಂಗೀತದತ್ತ ತಿರುಗಿ ನೋಡುವಂತಾಯಿತು ಎಂಬುದನ್ನು ಯಾಜ್ ಹೇಳಿಕೊಂಡಿದ್ದಾರೆ.

ಆದ್ದರಿಂದ ಅವರ ಬಹ್ರೇನಿ ಅರ್ಧವನ್ನು ಹುಟ್ಟಿನಿಂದ ಕೈಸೇರಿದ ಆಸ್ತಿಯೆಂದು ತಿಳಿಯಬಾರದು. ವಯಸ್ಕರಾದ ಮೇಲೆ ಓದಿ, ಕೇಳಿ, ಊರಿಗೆ ಹೋಗಿ ಹುಡುಕಿ ಸಂಪಾದಿಸಿದ ಭಾಗ ಅದು. ಎರಡು ಸಂಸ್ಕೃತಿಗಳ ಮಕ್ಕಳ ಸಂಗೀತವನ್ನು ‘ರಕ್ತದಲ್ಲೇ ಇದೆ’ ಎಂದು ವರ್ಣಿಸುವ ವಿಮರ್ಶೆ ಈ ದುಡಿಮೆಯನ್ನೇ ಅಳಿಸಿಹಾಕುತ್ತದೆ.

ಮುತ್ತಿನ ಹಾಡು, ಮುತ್ತಿನ ಹಾಡು ಅಂತಾರಲ್ಲ, ಅದು ಏನು?

ಅದರ ಹೆಸರು ಫಿಜಿರಿ. ಬಹ್ರೇನಿನ ಆರ್ಥಿಕತೆ ಬಹುಕಾಲ ಸಮುದ್ರದ ಮುತ್ತನ್ನೇ ನಂಬಿತ್ತು. ಬೇಸಿಗೆಯ ತಿಂಗಳುಗಳಲ್ಲಿ ಗಂಡಸರು ದೋಣಿಗಳಲ್ಲಿ ಸಮುದ್ರಕ್ಕೆ ಹೋಗುತ್ತಿದ್ದರು. ಮುಳುಗುಗಾರ ಮೂಗಿಗೆ ಚಿಮಟ ಸಿಕ್ಕಿಸಿಕೊಂಡು, ಭಾರದ ಕಲ್ಲಿನ ನೆರವಿನಿಂದ ತಳಕ್ಕಿಳಿದು ಚಿಪ್ಪುಗಳನ್ನು ಆಯುತ್ತಿದ್ದ, ದೋಣಿಯಲ್ಲಿದ್ದ ಜೊತೆಗಾರ ಹಗ್ಗ ಎಳೆದು ಅವನನ್ನು ಮೇಲೆ ತರುತ್ತಿದ್ದ. ಈ ಬದುಕಿನ ಸುತ್ತ ಬೆಳೆದ ಗಾಯನವೇ ಫಿಜಿರಿ. ನಹ್ಹಾಮ್ ಎಂದು ಕರೆಯುವ ಮುಖ್ಯ ಗಾಯಕ ಮೇಲಿನ ಸ್ಥಾಯಿಯಲ್ಲಿ ಹಾಡಿದರೆ, ಸುತ್ತ ಕುಳಿತವರು ಗಂಟಲಾಳದಿಂದ ಅತಿ ಮಂದ್ರವಾದ ಗುಂಯ್‌ಗಾರವನ್ನು ಹಿಡಿದಿಡುತ್ತಾರೆ. ಪಕ್ಕವಾದ್ಯಗಳೆಂದರೆ ಕೈಚಪ್ಪಾಳೆ, ಮಿರ್ವಾಸ್ ಎಂಬ ಪುಟ್ಟ ಚರ್ಮವಾದ್ಯ, ಜಹ್ಲಾ ಎಂಬ ಮಣ್ಣಿನ ಗಡಿಗೆ.

ಜಪಾನಿನ ಕೃಷಿಮುತ್ತು ಮಾರುಕಟ್ಟೆಗೆ ಬಂದದ್ದು, ಅದರ ಮೇಲೆ 1929ರ ನಂತರದ ಜಾಗತಿಕ ಆರ್ಥಿಕ ಕುಸಿತ, ಇವೆರಡೂ ಸೇರಿ ಮುತ್ತಿನ ಉದ್ಯಮವನ್ನು ಮುಳುಗಿಸಿದವು. 1932ರಲ್ಲಿ ಬಹ್ರೇನಿನಲ್ಲಿ ತೈಲ ಸಿಕ್ಕಿತು, ದುಡಿಯುವ ಕೈಗಳು ಅತ್ತ ಹೋದವು. ಹಾಡು ಮಾತ್ರ ದಡದ ಮೇಲಿನ ಕೂಟಗಳಲ್ಲಿ ಉಳಿದುಕೊಂಡಿತು. ಮುಹರ್ರಕ್ ನಗರದ ಮುತ್ತಿನ ವ್ಯಾಪಾರದ ತಾಣಗಳು 2012ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೂ, ಫಿಜಿರಿ 2021ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿದವು.

ಆ ಹಾಡುಗಳನ್ನು ಯಾಜ್ ಹಾಗೇ ನುಡಿಸುತ್ತಾರೋ, ಬದಲಾಯಿಸುತ್ತಾರೋ?

ಹಾಗೆಯೇ ನುಡಿಸುವುದಿಲ್ಲ. ಬರ್ಮಿಂಗ್‌ಹ್ಯಾಮಿನ ಜಾಝ್‌ಲೈನ್ಸ್ ಸಂಸ್ಥೆಯ ಕೋರಿಕೆಯ ಮೇಲೆ ಅವರು ‘ಅಲ್‌ಹಾನ್ ಅಲ್ ಸಿದೂರಿ’ ಎಂಬ ದೀರ್ಘ ಕೃತಿಮಾಲಿಕೆಯನ್ನು ರಚಿಸಿದರು. ಅದಕ್ಕಾಗಿ ಬಹ್ರೇನಿಗೆ ಹೋಗಿ ಮುತ್ತಿನ ಮುಳುಗುಗಾರರ ಹಾಡುಗಳನ್ನೂ ಮದುವೆಯ ಹಾಡುಗಳನ್ನೂ ಅಭ್ಯಾಸ ಮಾಡಿದರು. ಸಿದೂರಿ ಎಂಬುದು ಪ್ರಾಚೀನ ಮೆಸೊಪೊಟೇಮಿಯದ ಗಿಲ್ಗಮೆಶ್ ಮಹಾಕಾವ್ಯದಲ್ಲಿ ಕಡಲ ಅಂಚಿನಲ್ಲಿ ವಾಸಿಸುವ ಸ್ತ್ರೀಪಾತ್ರದ ಹೆಸರು. ಮೆಸೊಪೊಟೇಮಿಯದ ಕತೆಗಳಲ್ಲಿ ಬರುವ ದಿಲ್ಮುನ್ ನಾಡನ್ನು ವಿದ್ವಾಂಸರು ಬಹ್ರೇನಿನೊಂದಿಗೆ ಗುರುತಿಸುವುದರಿಂದ ಆ ಹೆಸರಿಗೆ ಇಲ್ಲಿ ಔಚಿತ್ಯವಿದೆ.

ಈ ಕೃತಿಯ ಬೀಜಗಳೇ ಬಹಳ ವರ್ಷಗಳ ನಂತರ ‘ಎ ಪ್ಯಾರಡೈಸ್ ಇನ್ ದಿ ಹೋಲ್ಡ್’ ಆಲ್ಬಮಿನಲ್ಲಿ ಬೆಳೆದು ನಿಂತಿವೆ. ಮೂಲ ಹಾಡುಗಳ ಸಾಲುಗಳು, ಲಯದ ತುಣುಕುಗಳು, ಗುಂಪಿನ ಚಪ್ಪಾಳೆಯ ನಡೆ, ಇವನ್ನು ಬಿಡಿಸಿ ಹೊಸ ಸಂಯೋಜನೆಯೊಳಗೆ ಹೆಣೆಯಲಾಗಿದೆ. ಹಿಂದಿನ ಆಲ್ಬಮ್‌ಗಳಲ್ಲಿ ವಾದ್ಯಗಳದೇ ಮೇಲುಗೈ. ಇದರಲ್ಲಿ ನತಾಶಾ ಅಟ್ಲಾಸ್, ಬ್ರಿಜಿಟ್ ಬೆರಾಹಾ ಮೊದಲಾದ ಗಾಯಕರ ಕಂಠಗಳಿಗೆ ಪ್ರಧಾನ ಸ್ಥಾನ ದೊರೆತಿದೆ. ನನ್ನ ಮಟ್ಟಿಗೆ ಅವರ ನಾಲ್ಕು ಆಲ್ಬಮ್‌ಗಳಲ್ಲಿ ಹೆಚ್ಚು ಧೈರ್ಯದ್ದು ಇದೇ, ಮೊದಲ ಕೇಳ್ವಿಗೆ ಹೆಚ್ಚು ಸುಲಭವಾದದ್ದು ಮಾತ್ರ ಅಲ್ಲ.

## ಸ್ವರ, ವಾದ್ಯ, ಉಪಕರಣ

ಮಕಾಮ್ ಎಂದರೆ ನಮ್ಮ ರಾಗವೇ ತಾನೇ?

ಹತ್ತಿರದ ನೆಂಟಸ್ತಿಕೆ ಇದೆ, ಆದರೆ ಒಂದೇ ಅಲ್ಲ. ಅರಬ್ ಸಂಗೀತದ ಸ್ವರಪದ್ಧತಿಯಾದ ಮಕಾಮಿಗೂ ರಾಗದಂತೆ ಸ್ವರಗಳ ಜೊತೆಗೆ ಸಂಚಾರದ ರೀತಿ, ನಿಲ್ಲುವ ಸ್ವರ, ತನ್ನದೇ ಭಾವ ಇರುತ್ತವೆ. ಹಿಜಾಜ್ ಮಕಾಮಿನ ಕೆಳಗಿನ ನಾಲ್ಕು ಸ್ವರಗಳನ್ನು ಕೇಳಿದ ಕರ್ನಾಟಕ ಸಂಗೀತದ ವಿದ್ಯಾರ್ಥಿಗೆ ತಟ್ಟನೆ ಮಾಯಾಮಾಳವಗೌಳದ ಷಡ್ಜ, ಶುದ್ಧ ರಿಷಭ, ಅಂತರ ಗಾಂಧಾರ, ಶುದ್ಧ ಮಧ್ಯಮ ನೆನಪಾಗುತ್ತವೆ. ಬಯಾತಿ ಎಂಬ ಮಕಾಮಿಗೆ ಬಂದಾಗ ತೊಡಕು ತಲೆದೋರುತ್ತದೆ: ಅದರ ಎರಡನೆಯ ಸ್ವರ ಶುದ್ಧ ರಿಷಭಕ್ಕೂ ಚತುಶ್ರುತಿ ರಿಷಭಕ್ಕೂ ನಡುವೆ ಕೂರುತ್ತದೆ, ಅದು ಗಮಕದಲ್ಲಿ ಹಾದುಹೋಗುವ ಸ್ಥಾನವಲ್ಲ, ನೆಲೆಯಾಗಿ ನಿಲ್ಲುವ ಸ್ಥಾನ. ಇನ್ನೊಂದು ವ್ಯತ್ಯಾಸವೆಂದರೆ, ಮಕಾಮ್ ಪದ್ಧತಿಯಲ್ಲಿ ಒಂದರಿಂದ ಇನ್ನೊಂದಕ್ಕೆ ಜಾರಿ ಮರಳಿ ಬರುವುದು ದಿನನಿತ್ಯದ ಸಂಗತಿ, ನಮ್ಮಲ್ಲಿಯಂತೆ ರಾಗಮಾಲಿಕೆಯ ವಿಶೇಷ ಸಂದರ್ಭವಲ್ಲ.

ಟ್ರಂಪೆಟ್ಟಿನಲ್ಲಿ ಆ ನಡುವಿನ ಸ್ವರಗಳು ಹೇಗೆ ಬರುತ್ತವೆ?

ಸಾಮಾನ್ಯ ಟ್ರಂಪೆಟ್ಟಿನ ಮೂರು ವಾಲ್ವ್‌ಗಳು ಶ್ರುತಿಯನ್ನು ಅನುಕ್ರಮವಾಗಿ ಎರಡು, ಒಂದು, ಮೂರು ಅರ್ಧಸ್ವರಗಳಷ್ಟು (ಪಿಯಾನೊದ ಅಕ್ಕಪಕ್ಕದ ಎರಡು ಕೀಲಿಗಳ ಅಂತರವೇ ಒಂದು ಅರ್ಧಸ್ವರ) ಇಳಿಸುತ್ತವೆ. ಇವುಗಳ ಜೋಡಣೆಗಳಿಂದ ಪಾಶ್ಚಾತ್ಯ ಪದ್ಧತಿಯ ಹನ್ನೆರಡೂ ಸ್ವರಗಳು ಸಿಗುತ್ತವೆ, ಅದಕ್ಕಿಂತ ಸೂಕ್ಷ್ಮವಾದದ್ದು ಸಿಗುವುದಿಲ್ಲ. ತುಟಿಯ ಬಿಗಿತವನ್ನು ಬದಲಿಸಿ ಸ್ವರವನ್ನು ಬಾಗಿಸಬಹುದು. ಆದರೆ ವೇಗದ ಸಂಚಾರದಲ್ಲಿ ಹಾಗೆ ಬಾಗಿಸಿದ ಸ್ವರದ ನಾದ ಸೊರಗುತ್ತದೆ, ಸ್ಥಾನವೂ ಕದಲುತ್ತದೆ. ಯಾಜ್ ಇಂಗ್ಲೆಂಡಿನ ಎಕ್ಲಿಪ್ಸ್ ತಯಾರಕರಿಂದ ತಮಗಾಗಿ ಮಾಡಿಸಿಕೊಂಡ ಫ್ಲೂಗಲ್‌ಹಾರ್ನಿನಲ್ಲಿ ನಾಲ್ಕನೆಯ ವಾಲ್ವ್ ಇದೆ. ಅದನ್ನು ಒತ್ತಿದಾಗ ಶ್ರುತಿ ಕ್ವಾರ್ಟರ್ ಟೋನ್, ಅಂದರೆ ಅರ್ಧಸ್ವರದ ಅರ್ಧದಷ್ಟು ಇಳಿಯುತ್ತದೆ.

ಈ ಉಪಾಯ ಅವರಿಂದಲೇ ಆರಂಭವಾದದ್ದಲ್ಲ. ಲೆಬನಾನಿನ ನಸೀಮ್ ಮಾಲೂಫ್ 1960ರ ದಶಕದಲ್ಲೇ ನಾಲ್ಕು ವಾಲ್ವ್‌ಗಳ ಟ್ರಂಪೆಟ್ ರೂಪಿಸಿದ್ದರು. ಇಂದು ಅವರ ಮಗ ಇಬ್ರಾಹಿಂ ಮಾಲೂಫ್ ಫ್ರಾನ್ಸಿನಲ್ಲಿ ಅದನ್ನು ಜನಪ್ರಿಯಗೊಳಿಸಿದ್ದಾರೆ. ಅಮೆರಿಕದ ಡಾನ್ ಎಲ್ಲಿಸ್ ಕೂಡ ಅದೇ ದಶಕದಲ್ಲಿ ಅಂತಹ ವಾದ್ಯವನ್ನು ಜಾಝ್‌ನಲ್ಲಿ ನುಡಿಸಿದರು. ಅರಬ್ ಸ್ವರಗಳು ನಿಜವಾಗಿ ಈ ಸಮಭಾಗಗಳಿಗೆ ಕರಾರುವಾಕ್ಕಾಗಿ ಹೊಂದುವುದಿಲ್ಲ ಎಂಬುದನ್ನೂ ಸೇರಿಸಬೇಕು. ಸ್ಥಾಯಿಯನ್ನು 24 ಸಮಭಾಗಗಳಾಗಿ ಒಡೆಯಬೇಕೇ ಎಂಬ ಪ್ರಶ್ನೆ 1932ರ ಕೈರೋ ಸಂಗೀತ ಸಮ್ಮೇಳನದಲ್ಲಿ ಚರ್ಚೆಗೆ ಬಂದು ಒಮ್ಮತವಿಲ್ಲದೆ ಉಳಿಯಿತು. ನಾಲ್ಕನೆಯ ವಾಲ್ವ್ ಸ್ವರದ ಹತ್ತಿರಕ್ಕೆ ಕೊಂಡೊಯ್ಯುತ್ತದೆ; ಉಳಿದದ್ದನ್ನು ತುಟಿಯೂ ಕಿವಿಯೂ ತುಂಬಬೇಕು.

ಮೇಳದಲ್ಲಿ ಪಿಯಾನೊ, ಲೋಹದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವೈಬ್ರಫೋನ್ ಇವೆ. ಅವುಗಳಲ್ಲಿ ಈ ಸ್ವರಗಳಿಲ್ಲ. ಒಟ್ಟಿಗೆ ನುಡಿಸಿದರೆ ಅಪಸ್ವರವಾಗುವುದಿಲ್ಲವೇ?

ಈ ಸಂಗೀತದ ತಿರುಳಿಗೇ ಕೈಹಾಕುವ ಪ್ರಶ್ನೆಯಿದು. ಜಾಝ್ ಬೆಳೆದದ್ದು ಸ್ವರಮೇಳಗಳ, ಅಂದರೆ ಏಕಕಾಲದಲ್ಲಿ ನುಡಿಯುವ ಸ್ವರಗುಚ್ಛಗಳ ಸರಣಿಯ ಮೇಲೆ. ಒಂದು ಗುಚ್ಛ ಸಂತೋಷದ್ದೋ ವಿಷಾದದ್ದೋ ಎಂಬುದನ್ನು ಅದರ ಮೂರನೆಯ ಸ್ವರ ಹೇಳುತ್ತದೆ. ರಾಸ್ತ್ ಎಂಬ ಮಕಾಮಿನಲ್ಲಿ ಆ ಮೂರನೆಯ ಸ್ವರವೇ ಎರಡರ ನಡುವೆ ನಿಲ್ಲುತ್ತದೆ. ಪಿಯಾನೊ ತನ್ನ ಮೂರನೆಯ ಸ್ವರವನ್ನು ಒತ್ತಿ ಹಿಡಿದರೆ ಘರ್ಷಣೆ ಖಚಿತ.

ಇದಕ್ಕೆ ಪರಿಹಾರ ಸ್ವರಗುಚ್ಛಗಳನ್ನು ಹಗುರಗೊಳಿಸುವುದರಲ್ಲಿದೆ. ಬಾಸ್ ಒಂದೇ ನುಡಿಯನ್ನು ಆವರ್ತನೆಯಂತೆ ಹಿಡಿದುಕೊಳ್ಳುತ್ತದೆ. ವೈಬ್ರಫೋನ್ ಮೂರನೆಯ ಸ್ವರವನ್ನು ಬಿಟ್ಟು ಷಡ್ಜ, ಪಂಚಮಗಳ ಆಸುಪಾಸಿನಲ್ಲಿ ಬಣ್ಣ ಹಚ್ಚುತ್ತದೆ. ಲೋಹದ ಪಟ್ಟಿಗಳ ಉಳಿನಾದ ತಂಬೂರಿಯಂತೆ ಹರಡಿಕೊಂಡಿರುತ್ತದೆ. ಫ್ಲೂಗಲ್‌ಹಾರ್ನ್ ಆ ಖಾಲಿ ಜಾಗದಲ್ಲಿ ತನ್ನ ನಡುವಿನ ಸ್ವರವನ್ನು ಇಡುತ್ತದೆ. ‘ಲಾ ಸಾಬೊಟ್ಯೂಸ್’ನಲ್ಲಿ ಶಬಾಕಾ ಹಚಿಂಗ್ಸ್ ನುಡಿಸಿರುವ ಬಾಸ್ ಕ್ಲಾರಿನೆಟ್ಟಿಗೆ ಊದುವ ವಾದ್ಯವಾದ ಕಾರಣ ಬಾಗುವ ಸ್ವಾತಂತ್ರ್ಯವಿದೆ, ಹಾಗಾಗಿ ಅದು ಫ್ಲೂಗಲ್‌ಹಾರ್ನಿನೊಂದಿಗೆ ಸಲೀಸಾಗಿ ಜೊತೆಗೂಡುತ್ತದೆ. ಕೆಲವೆಡೆ ಘರ್ಷಣೆಯನ್ನು ಬೇಕೆಂದೇ ಉಳಿಸಿಕೊಂಡಂತೆ ಕೇಳಿಸುವುದೂ ಉಂಟು, ಅದನ್ನು ತಪ್ಪೆಂದು ಎಣಿಸಬೇಕಿಲ್ಲ.

ವೇದಿಕೆಯ ಮೇಲೆ ಅವರು ಬೆರಳಿನಿಂದ ಒಂದು ಪೆಟ್ಟಿಗೆಯನ್ನು ಸವರುತ್ತಿರುತ್ತಾರೆ. ಅದು ಏನು, ಅದರಿಂದ ಏನಾಗುತ್ತದೆ?

ಅದು ಕೊರ್ಗ್ ಕಂಪನಿಯ ಕೆಯಾಸ್ ಪ್ಯಾಡ್. ವಾದ್ಯದ ಧ್ವನಿ ಮೈಕಿನ ಮೂಲಕ ಆ ಪೆಟ್ಟಿಗೆಯೊಳಗೆ ಹೋಗಿ ರೂಪಾಂತರಗೊಂಡು ಹೊರಬರುತ್ತದೆ. ಅದರ ಮೇಲ್ಮೈ ಸ್ಪರ್ಶವನ್ನು ಗ್ರಹಿಸುತ್ತದೆ. ಬೆರಳನ್ನು ಅಡ್ಡಕ್ಕೆ ಸರಿಸಿದರೆ ಒಂದು ಗುಣ, ಉದ್ದಕ್ಕೆ ಸರಿಸಿದರೆ ಇನ್ನೊಂದು ಗುಣ ಬದಲಾಗುತ್ತದೆ. ಪ್ರತಿಧ್ವನಿಯ ಅಂತರ, ಶ್ರುತಿಯ ಏರಿಳಿತ, ತುಣುಕೊಂದನ್ನು ಹಿಡಿದು ಮತ್ತೆ ಮತ್ತೆ ನುಡಿಸುವುದು ಮುಂತಾದವೆಲ್ಲ ಹೀಗೆ ಬೆರಳ ತುದಿಗೆ ಬರುತ್ತವೆ. ಮೊದಲೇ ಮುದ್ರಿಸಿಟ್ಟದ್ದನ್ನು ಹಾಕುವ ಯಂತ್ರವೆಂದು ಇದನ್ನು ಭಾವಿಸಬಾರದು. ಆ ಕ್ಷಣ ನುಡಿಸಿದ್ದಕ್ಕೆ ಆ ಕ್ಷಣವೇ ಕೊಡುವ ಉತ್ತರವಾದ್ದರಿಂದ ಇದೂ ಮನೋಧರ್ಮದ ಭಾಗವೇ.

ಟ್ರಂಪೆಟ್ಟಿಗೆ ಎಲೆಕ್ಟ್ರಾನಿಕ್ಸ್ ಸೇರಿಸುವುದು ಇವರಿಗಿಂತ ಮೊದಲೂ ಇತ್ತಲ್ಲವೇ?

ಇತ್ತು. ಅಮೆರಿಕದ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ 1970ರ ‘ಬಿಚಸ್ ಬ್ರೂ’ನಲ್ಲಿ ನಿರ್ಮಾಪಕ ಟಿಯೊ ಮಾಸೆರೊ ಟೇಪನ್ನು ಕತ್ತರಿಸಿ ಜೋಡಿಸಿ, ಪ್ರತಿಧ್ವನಿ ಸೇರಿಸಿ ಸಂಗೀತವನ್ನು ಕಟ್ಟಿದರು. ಆದರೆ ಯಾಜ್ ಅವರ ಧ್ವನಿಗೆ ಹೆಚ್ಚು ಹತ್ತಿರದ ಪೂರ್ವಜರೆಂದರೆ ಅಮೆರಿಕದ ಟ್ರಂಪೆಟ್ ವಾದಕ ಜಾನ್ ಹ್ಯಾಸೆಲ್. ಅವರು ಟ್ರಂಪೆಟ್ಟನ್ನು ಎಲೆಕ್ಟ್ರಾನಿಕ್ ಉಪಕರಣಗಳಿಂದ ಎಷ್ಟು ಬದಲಿಸಿದರೆಂದರೆ ಅದು ಊದುವ ವಾದ್ಯವೇ ಎಂಬ ಸಂಶಯ ಬರುತ್ತದೆ. ಅವರು ಸ್ವರವನ್ನು ಎಳೆಯುವ ಕ್ರಮವನ್ನು ಕಲಿತದ್ದು ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥರಿಂದ. ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರ ಘರಾಣೆಯೂ ಅದೇ ಆದ್ದರಿಂದ ಕನ್ನಡದ ಕೇಳುಗರಿಗೆ ಹ್ಯಾಸೆಲ್ ಅಷ್ಟೊಂದು ಅಪರಿಚಿತರೆನಿಸಲಾರರು.

## ವಾದಕ್ಕೆ ಬರುವ ಪ್ರಶ್ನೆಗಳು

ಎಲೆಕ್ಟ್ರಾನಿಕ್ಸ್ ತೆಗೆದರೆ ಶುದ್ಧವಾಗಿರುತ್ತಿತ್ತಲ್ಲ? ಪರಂಪರೆಯ ಹುಡುಕಾಟಕ್ಕೆ ಯಂತ್ರ ಏಕೆ ಬೇಕು?

ಈ ಪ್ರಶ್ನೆಯಲ್ಲಿ, ಎಲೆಕ್ಟ್ರಾನಿಕ್ ಪದರ ಮೇಲೆ ಹಚ್ಚಿದ ಹೊಳಪು, ಒರೆಸಿದರೆ ಒಳಗೆ ಅಸಲಿಯಾದದ್ದು ಸಿಗುತ್ತದೆ ಎಂಬ ನಂಬಿಕೆ ಅಡಗಿದೆ. ನನ್ನ ಅಭಿಪ್ರಾಯ ಇದಕ್ಕೆ ವಿರುದ್ಧ. ಚಿಕ್ಕ ವಯಸ್ಸಿನಲ್ಲಿ ಬಿಟ್ಟುಬಂದ ನಾಡಿನ ಸಂಗೀತವನ್ನು ನೆನಪಿನಿಂದಲೂ ಪುಸ್ತಕಗಳಿಂದಲೂ ಮರಳಿ ಪಡೆದವರು, ಅದನ್ನು ಅಲ್ಲೇ ಹುಟ್ಟಿಬೆಳೆದ ನಹ್ಹಾಮನಂತೆ ನುಡಿಸಹೊರಟರೆ ಅದು ಅನುಕರಣೆಯಾದೀತು. ಫ್ಲೂಗಲ್‌ಹಾರ್ನಿನ ಒಂದು ನುಡಿ ಪ್ರತಿಧ್ವನಿಯಾಗಿ, ಶ್ರುತಿ ಕೊಂಚ ಕದಲಿ, ತಡವಾಗಿ ಮರಳಿ ಬರುವಾಗ ಕೇಳುಗರಿಗೆ ಮೂಲ ಸ್ವರವೂ ಅದರಿಂದಿರುವ ದೂರವೂ ಒಟ್ಟಿಗೆ ಕೇಳಿಸುತ್ತವೆ. ಆ ದೂರವನ್ನು ಮರೆಮಾಚದಿರುವುದೇ ಈ ಸಂಗೀತದ ಪ್ರಾಮಾಣಿಕತೆ, ಅದಕ್ಕೆ ಇರುವ ಸಾಧನ ಎಲೆಕ್ಟ್ರಾನಿಕ್ಸ್. ಎಲ್ಲ ಕೃತಿಗಳಲ್ಲೂ ಅದು ಇಷ್ಟು ಸಾರ್ಥಕವಾಗಿದೆ ಎಂದೇನಲ್ಲ. ಕೆಲವು ಕಡೆ ಅದು ಬರಿಯ ಮಂಜಿನಂತೆ ಕವಿದುಕೊಂಡಿದೆ.

ಜಾಝ್‌ನವರು ‘ಪೂರ್ವದ ಗಂಧ’ ಲೇಪಿಸಿಕೊಳ್ಳುವುದು ಹಳೆಯ ಚಾಳಿ. ಇದೂ ಅದೇ ಅಲ್ಲವೇ?

ಹಳೆಯ ಚಾಳಿ ಎಂಬುದು ನಿಜ. ಡ್ಯೂಕ್ ಎಲಿಂಗ್‌ಟನ್ ತಂಡದ ಹ್ವಾನ್ ಟಿಝೋಲ್ 1936ರಲ್ಲಿ ರಚಿಸಿದ ‘ಕ್ಯಾರವಾನ್’ ಮತ್ತು ಡಿಝಿ ಗಿಲೆಸ್ಪಿಯವರ ‘ಎ ನೈಟ್ ಇನ್ ಟ್ಯುನಿಶಿಯಾ’ ಸೊಗಸಾದ ಕೃತಿಗಳು, ಆದರೆ ಅವುಗಳಲ್ಲಿರುವ ಮರುಭೂಮಿ ಕಲ್ಪನೆಯದು. 1958ರ ‘ಜಾಝ್ ಸಹಾರಾ’ದಲ್ಲಿ ಅಹ್ಮದ್ ಅಬ್ದುಲ್ ಮಲಿಕ್ ಅರಬ್ ವಾದ್ಯಗಳನ್ನೂ ವಾದಕರನ್ನೂ ಒಳಗೆ ತಂದು ಒಂದು ಹೆಜ್ಜೆ ಮುಂದಿಟ್ಟರು. ಇರಾಕಿ ಮೂಲದ ಅಮೆರಿಕನ್ ಟ್ರಂಪೆಟ್ ವಾದಕ ಅಮೀರ್ ಎಲ್‌ಸಫ್ಫಾರ್ ಇರಾಕಿ ಮಕಾಮನ್ನು ಗುರುಗಳ ಬಳಿ ಕಲಿತು, ಹಾಡುಗಾರಿಕೆಯನ್ನೂ ಸಾಧಿಸಿ, ಆ ನಂತರ ಜಾಝ್‌ಗೆ ತಂದರು. ಯಾಜ್ ಅವರನ್ನು ಈ ಕೊನೆಯ ಸಾಲಿನಲ್ಲಿ ಇಡಬಹುದಾದರೂ, ಶಾಸ್ತ್ರೀಯ ಅಧಿಕಾರದಲ್ಲಿ ಎಲ್‌ಸಫ್ಫಾರ್ ಅವರಷ್ಟು ಆಳಕ್ಕೆ ಇಳಿದವರೆಂದು ಹೇಳಲಾಗದು. ಯಾಜ್ ಅವರ ಬಲ ಸಂಯೋಜನೆಯಲ್ಲಿದೆ, ಧ್ವನಿಯ ಕಲ್ಪನೆಯಲ್ಲಿದೆ.

ನಮ್ಮ ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿನಲ್ಲಿ ಮಾಡಿದ್ದೂ ಇದನ್ನೇ ಅಲ್ಲವೇ?

ದಿಕ್ಕು ಬೇರೆ. ಕದ್ರಿಯವರು ಪಾಶ್ಚಾತ್ಯ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಪೂರ್ತಿಯಾಗಿ ಒಗ್ಗಿಸಿದರು. ಅವರು ನುಡಿಸಿದ ಕೃತಿ, ರಾಗ, ಗಮಕ ಎಲ್ಲವೂ ಪರಂಪರೆಯವೇ ಆಗಿದ್ದವು. ಯಾಜ್ ಅವರಿಗೆ ಹೋಲಿಕೆ ಬೇಕಿದ್ದರೆ ಭಾರತೀಯ ಮೂಲದ ಅಮೆರಿಕನ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಅವರನ್ನು ನೋಡಬೇಕು. ಜಾಝ್‌ನಲ್ಲಿ ತರಬೇತಾದ ಅವರು ತಮ್ಮ ಮೂಲದ ಸಂಗೀತವನ್ನು ಹುಡುಕಿಕೊಂಡು ಕದ್ರಿಯವರ ಬಳಿಗೇ ಬಂದರು, ಇಬ್ಬರೂ ಸೇರಿ 2008ರಲ್ಲಿ ‘ಕಿನ್ಸ್‌ಮೆನ್’ ಎಂಬ ಆಲ್ಬಮ್ ಮಾಡಿದರು.

ಫಿಜಿರಿ ಗಂಡಸರ ಹಾಡು ಎನ್ನುತ್ತೀರಿ. ಹೆಣ್ಣೊಬ್ಬಳು ಅದನ್ನು ಕೈಗೆತ್ತಿಕೊಂಡರೆ ಅದರ ಅರ್ಥ ಬದಲಾಗುವುದಿಲ್ಲವೇ?

ಬದಲಾಗುತ್ತದೆ, ಮತ್ತು ಯಾಜ್ ಅದನ್ನು ಅರಿತೇ ಮಾಡಿದಂತೆ ತೋರುತ್ತದೆ. ಅವರ ಹಿಂದಿನ ಆಲ್ಬಮ್ ‘ಪಾಲಿಹಿಮ್ನಿಯಾ’ ಪೂರ್ತಿಯಾಗಿ ಮಹಿಳೆಯರ ಕುರಿತದ್ದು. ಟುಮಾರೋಸ್ ವಾರಿಯರ್ಸ್ ಎಂಬ ಜಾಝ್ ಶಿಕ್ಷಣ ಸಂಸ್ಥೆಯ ಕೋರಿಕೆಯಿಂದ ಹುಟ್ಟಿದ ಆ ಕೃತಿ 2015ರಲ್ಲಿ ಲಂಡನ್ನಿನ ಮಹಿಳಾ ಉತ್ಸವದಲ್ಲಿ ಮೊದಲ ಸಲ ನುಡಿಯಿತು. ಅದರಲ್ಲಿ ‘ಲಹನ್ ಅಲ್ ಮನ್ಸೂರ್’ ಸೌದಿ ಚಿತ್ರ ನಿರ್ದೇಶಕಿ ಹೈಫಾ ಅಲ್ ಮನ್ಸೂರ್ ಅವರಿಗೂ, ‘2857’ ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ್ತಿ ರೋಸಾ ಪಾರ್ಕ್ಸ್ ಅವರಿಗೂ ಅರ್ಪಿತವಾಗಿವೆ. 2857 ಎಂಬುದು 1955ರಲ್ಲಿ ಆಕೆ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲು ಒಪ್ಪದಿದ್ದ ಬಸ್ಸಿನ ಸಂಖ್ಯೆ.

ಅದೇ ನೋಟ ಬಹ್ರೇನಿನ ಹಾಡುಗಳ ಮೇಲೂ ಬಿದ್ದಿದೆ. ಮುಳುಗುಗಾರರ ಹಾಡು ಗಂಡಸರದು, ಮದುವೆಯ ಸಂಭ್ರಮದಲ್ಲಿ ಚರ್ಮವಾದ್ಯ ಬಾರಿಸಿ ಹಾಡುವ ತಂಡಗಳು ಹೆಂಗಸರವು. ಎರಡೂ ಒಂದೇ ಕೂಟದಲ್ಲಿ ನಡೆಯುವಂಥವಲ್ಲ. ಯಾಜ್ ಅವೆರಡನ್ನೂ ಒಂದೇ ಕೃತಿಮಾಲಿಕೆಗೆ ತಂದಿದ್ದಾರೆ. ‘ಎ ಪ್ಯಾರಡೈಸ್ ಇನ್ ದಿ ಹೋಲ್ಡ್’ನಲ್ಲಿ ‘ಶಿ ಸ್ಟ್ಯಾಂಡ್ಸ್ ಆನ್ ದಿ ಶೋರ್’ ಎಂಬ ಕೃತಿಯಿದೆ. ಸಮುದ್ರದ ಮೇಲಿದ್ದವರು ಹಾಡಿಕೊಂಡ ಪರಂಪರೆಯೊಂದನ್ನು ಅದು ದಡದಲ್ಲಿ ನಿಂತವಳ ಕಡೆಯಿಂದ ಕೇಳುತ್ತದೆ. ಫಿಜಿರಿಯ ಪದ್ಧತಿಯಲ್ಲಿ ಆಕೆಗೆ ಪಾಲಿರಲಿಲ್ಲ. ಅರ್ಧ ಹೊರಗಿನವರಾದ ಸಂಯೋಜಕಿಯೊಬ್ಬರಿಗೆ ಮೊದಲು ಕಂಡದ್ದು ಅವಳೇ ಎಂಬುದರಲ್ಲಿ ನನಗೇನೂ ಆಶ್ಚರ್ಯವಿಲ್ಲ.